ಹರಾಜು ನಿಲ್ಸೋಕೆ ಬಿಡ್ತಾನೇ ಇಲ್ಲ, ಕೈಯಲ್ಲಿ ಒಳ್ಳೆ ಆಫರ್ ಇದೆ, ಹೆಲ್ಪ್ ಮಾಡಿ

ಕೀಕೊಡೋನು: ತಲೆ ಕೆಟ್ಟೋಗಿದೆ. ಎಚ್‌ಎಂಟಿ ಪೈಲಟ್ ವಾಚ್ ಒಂದನ್ನ ಹರಾಜಿಗೆ ಹಾಕಿದ್ದೆ, 38 ಡಾಲರ್‌ಗೇ ನಿಂತಿದೆ, ಮೆಸೇಜಲ್ಲಿ ಒಬ್ಬ 90 ಕೊಡ್ತೀನಿ ಈಗ್ಲೇ ಮುಗ್ಸಿ ನಂಗೆ ಕೊಡು ಅಂತಿದಾನೆ, ನಿಲ್ಸೋಣ ಅಂತ ಹೋದ್ರೆ ಬಿಡ್ ಕ್ಯಾನ್ಸಲ್ ಮಾಡೋ ಆಪ್ಷನ್ನೇ ಮಾಯ. ನಿನ್ನೆ ಇತ್ತು, ನಾನೇ ನೋಡಿದೀನಿ. ಫೋಟೋ ಹಾಕಿದೀನಿ ನೋಡಿ.

ಜನತಾಪ್ರಿಯ: ಆಪ್ ಕ್ಯಾಶ್ ಕ್ಲಿಯರ್ ಮಾಡಿ ಗುರು, ಇಲ್ಲಾಂದ್ರೆ ಲ್ಯಾಪ್‌ಟಾಪಲ್ಲಿ ನೋಡಿ.

ಕೀಕೊಡೋನು: ಎರಡೂ ಆಯ್ತು. ಇಲ್ಲ.

ಜನತಾಪ್ರಿಯ: ಹಂಗಾದ್ರೆ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿ. ನಂಗೆ ಫೋಟೋ ಅಪ್‌ಲೋಡ್ ಆಗ್ದೆ ಇದ್ದಾಗ ಹಿಂಗೇ ಸರಿಹೋಯ್ತು.

ತುಮಕೂರ್‌ಟಿಕ್‌ಟಿಕ್: ಸ್ವಾಮಿ ಆಪ್ ಬಿಡಿ. ಯಾವ ಸೈಟು, ಇನ್ನೆಷ್ಟು ಹೊತ್ತಿದೆ, ಎಷ್ಟು ಬಿಡ್ ಬಿದ್ದಿದೆ?

ಕೀಕೊಡೋನು: ಇಬೇ ಅಲ್ದೆ ಇನ್ಯಾವ್ದು, ನಾನಿರೋದು ನ್ಯೂಜೆರ್ಸಿ. 8 ಗಂಟೆ ಇದೆ, 4 ಬಿಡ್.

ತುಮಕೂರ್‌ಟಿಕ್‌ಟಿಕ್: ಅಲ್ಲೇ ಇದೆ ನೋಡಿ. 12 ಗಂಟೆಗಿಂತ ಜಾಸ್ತಿ ಇದ್ರೆ ಬಿಡ್ ಎಲ್ಲಾ ರದ್ದು ಮಾಡಿ ನಿಲ್ಸಬಹುದು. 12ರ ಒಳಗೆ ಬಂತು, ಬಿಡ್ಡೂ ಇದೆ ಅಂದ್ರೆ, ಮೇಲಿರೋ ಬಿಡ್ಡರಿಗೇ ಆ ರೇಟಿಗೆ ಕೊಟ್ಟು ಮುಗ್ಸೋದೊಂದೇ ದಾರಿ. ಅದಕ್ಕೇ ನಿನ್ನೆ ಇದ್ದದ್ದು ಇವತ್ತಿಲ್ಲ. ಇನ್ನೊಂದು, 38 ಅಂತ ತೋರ್ಸೋದು ಎರಡನೆಯವನ ಬಿಡ್‌ಗಿಂತ ಒಂದು ಹೆಜ್ಜೆ ಮೇಲೆ ಅಷ್ಟೆ, ಮೊದಲನೆಯವ ಇಷ್ಟರವರೆಗೂ ಹೋಗ್ತೀನಿ ಅಂತ ಒಳಗೆ ಎಷ್ಟು ಹಾಕಿಟ್ಟಿದಾನೋ ನಿಮಗೆ ಕಾಣಲ್ಲ. ಕೊನೇ ಹತ್ತು ಸೆಕೆಂಡಿಗೇ ಕಾಯೋರೂ ಇರ್ತಾರೆ. ಆ 90ರವನು ದುಡ್ಡು ಹೆಂಗೆ ಕೊಡ್ತಾನಂತೆ?

ಕೀಕೊಡೋನು: ಸೈಟ್ ಹೊರಗೆ ನೇರ ಕಳಿಸ್ತೀನಿ, ಫೀಸ್ ಉಳಿಯುತ್ತೆ ಅಂದ.

ತುಮಕೂರ್‌ಟಿಕ್‌ಟಿಕ್: ಹೊರಗಿನ ಡೀಲ್ ಅವರ ರೂಲ್ಸ್‌ಗೇ ವಿರುದ್ಧ, ಸಿಕ್ಕಿಬಿದ್ರೆ ಅಕೌಂಟಿಗೇ ಕುತ್ತು. ಜಗಳ ಆದ್ರೆ ಅವರು ತಲೆ ಹಾಕೋದೂ ಇಲ್ಲ. ನಿಜವಾಗ್ಲೂ ಬೇಕಿದ್ರೆ ಅವನೇ 90ಕ್ಕೆ ಬಿಡ್ ಹಾಕ್ಲಿ, ಯಾರು ಬೇಡ ಅಂದ್ರು?

ಚಾವಿಕಾಕಾ: ಅದೆಲ್ಲಾ ಇರ್ಲಿ, ಆ ಡಯಲ್ ಮುಂಬೈ ಸ್ಪೆಷಲ್, ಅಂದ್ರ ರೀಡಯಲ್, ಇದ್ದಂಗ ಐತಲ್ರಿ. "ಪ್ಯಾರಾ ಶಾಕ್" ಅಕ್ಷರ ಸೊಟ್ಟ ಅದಾವ, ನಿಮಿಷದ ಗೆರಿ ಒಂದು ದಪ್ಪ ಒಂದು ಸಣ್ಣ. ಹೊಸದಾಗಿ ಪೇಂಟ್ ಹೊಡೆದಿದ್ದಕ್ಕ 90 ಯಾರ್ ಕೊಡ್ತಾರ?

ಕೀಕೊಡೋನು: ರೀಡಯಲ್ ಅಲ್ಲ ಸಾರ್, ನಮ್ಮ ಮಾವ ಬೆಂಗಳೂರಲ್ಲಿ ತಗೊಂಡಿದ್ದು, ಬಿಲ್ ಮಾತ್ರ ಇಲ್ಲ.

ಚಾವಿಕಾಕಾ: ಬಿಲ್ ಇಲ್ದ ಎಲ್ಲಾರ ಮಾವನೂ ಬೆಂಗ್ಳೂರಾಗ ತಗೊಂಡಿರ್ತಾರ ಬಿಡ್ರಿ. ನನ್ನಂತೇಲಿ 14 ಎಚ್‌ಎಂಟಿ ಅದಾವ, ಜನತಾ ಮಾಡೆಲ್ಲ 5, ದಿನಾ ಒಂದಕ್ಕ ಚಾವಿ ಕೊಡ್ತೀನಿ.

ಜನತಾಪ್ರಿಯ: 5 ಜನತಾ! ಬಿಳಿ ಡಯಲ್ಲಾ? ಒಂದು ಕೊಡ್ತೀರಾ ಕಾಕಾ, ಹರಾಜು ಗಿರಾಜು ಬೇಡ, ನೇರವಾಗಿ.

ತುಮಕೂರ್‌ಟಿಕ್‌ಟಿಕ್: ಇಷ್ಟೊತ್ತು ನಾನು ಹೇಳಿದ್ದೇನು?

ಕೀಕೊಡೋನು: ಮುಗೀತು. 72ಕ್ಕೆ ಹೋಯ್ತು, ಕೊನೇ ನಿಮಿಷದಲ್ಲಿ 34 ಏರಿದೆ. 90ರವನು ಒಂದು ಬಿಡ್ಡೂ ಹಾಕ್ಲಿಲ್ಲ, ಮೆಸೇಜಿಗೂ ಉತ್ತರ ಇಲ್ಲ.

ಚಾವಿಕಾಕಾ: ಪ್ಯಾಕ್ ಮಾಡೂಕಿಂತ ಮೊದ್ಲ ಡಯಲ್ಲಿಂದು ಇನ್ನೊಂದು ಫೋಟೋ ಹತ್ರದಿಂದ ಹಾಕ್ರಿ.

ಜನತಾಪ್ರಿಯ: ಆಪ್ ರೀಇನ್‌ಸ್ಟಾಲ್ ಮಾಡಿದ್ರಾ?