ಸಂದಕ್‌ಫು ನಡಿಗೆ: ಬ್ಯಾಗಿನಿಂದ ಏನು ತೆಗೆಯಲಿ?

ನವೆಂಬರ್‌ನಲ್ಲಿ ನಾವು ಮೂವರು ಗೆಳತಿಯರು ಡಾರ್ಜಿಲಿಂಗ್ ಕಡೆಯ ಸಂದಕ್‌ಫುಗೆ ನಡೆದು ಹೋಗುತ್ತಿದ್ದೇವೆ. ನನಗೆ ಐವತ್ತು ದಾಟಿದೆ, ಮೊಣಕಾಲು ಅಷ್ಟಕ್ಕಷ್ಟೆ. ಬ್ಯಾಗ್ ತೂಗಿದರೆ 11 ಕೆಜಿ! ಏನು ತೆಗೆಯಲಿ? ರಾತ್ರಿ ನಡುಗುವುದು ಮಾತ್ರ ಬೇಡ. ಹೋಗಿಬಂದವರು ಹೇಳಿ.

*

ಮೊದಲು ಸ್ಲೀಪಿಂಗ್ ಬ್ಯಾಗ್ ತೆಗೆಯಿರಿ ಮೇಡಂ. ದಾರಿಯಲ್ಲಿ ಸಿಗುವ ತುಮ್ಲಿಂಗ್, ಕಾಲಿಪೋಖ್ರಿ, ಆಮೇಲೆ ಸಂದಕ್‌ಫು, ಮೂರೂ ಕಡೆ ಲಾಡ್ಜ್ ಇವೆ. ಊಟ, ಹಾಸಿಗೆ, ದಪ್ಪ ರಜಾಯಿ ಅಲ್ಲೇ ಸಿಗುತ್ತದೆ. ಯಾರು ಯಾರು ಹೊದ್ದಿದ್ದೋ ಅಂತ ಮುಜುಗರವಾದರೆ ಒಂದು ಹಳೆ ಡಬಲ್ ಪಂಚೆ ತಗೊಳ್ಳಿ. ಉದ್ದವನ್ನು ಅರ್ಧಕ್ಕೆ ಮಡಿಚಿ ಎರಡೂ ಬದಿ ಹೊಲಿಯಿರಿ, ಮಡಿಕೆ ಕಾಲಿನ ಕಡೆ ಬರಲಿ. ಒಳಗೆ ತೂರಿಕೊಂಡು ಮೇಲೆ ರಜಾಯಿ ಎಳೆದುಕೊಂಡರಾಯಿತು.

ಬಟ್ಟೆ ಎರಡೇ ಜೊತೆ. ಒಂದು ನಡೆಯಲು, ಒಂದು ಮಲಗಲು. ಮಲಗುವ ಜೊತೆಯನ್ನು ಹಗಲು ಹಾಕಲೇಬೇಡಿ, ಒಣಗಿರಲಿ. ಬೆಳಗ್ಗೆ ತಣ್ಣಗಿನ ಬಟ್ಟೆಯೊಳಗೆ ಕೈ ತೂರಿಸುವಾಗ ಜೀವ ಹೋದಂತಾಗುತ್ತದೆ, ನಿಜ. ನಡೆಯಲು ಶುರು ಮಾಡಿದರೆ ಸರಿಹೋಗುತ್ತದೆ. ಜೀನ್ಸ್, ಹತ್ತಿ ಟಾಪ್ ಬೇಡ. ಬೆವರು ಕುಡಿದು ಬೇಗ ಒಣಗುವುದಿಲ್ಲ.

ದಪ್ಪ ಜಾಕೆಟ್, ಮಳೆಕೋಟು, ಕಿವಿ ಮುಚ್ಚುವ ಟೋಪಿಯಲ್ಲಿ ಮಾತ್ರ ತೂಕ ಉಳಿಸಬೇಡಿ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಸಂದಕ್‌ಫು 3,636!

*

ಚಪ್ಪಲಿ ಯಾರೂ ಹೇಳಲಿಲ್ಲವಲ್ಲ! ಇಡೀ ದಿನ ಬೂಟಿನೊಳಗಿದ್ದ ಕಾಲಿಗೆ ಸಂಜೆ ಅದಕ್ಕಿಂತ ಸುಖ ಇಲ್ಲ. ಬೆರಳಿಗೆ ಸಿಕ್ಕಿಸುವುದಲ್ಲ, ಅಗಲ ಪಟ್ಟಿಯದು. ಉಣ್ಣೆ ಸಾಕ್ಸ್ ಮೇಲೂ ಹಾಕಬಹುದು.

ಸ್ಟೀಲ್ ಬಾಟಲಿ ಮನೆಯಲ್ಲೇ ಇರಲಿ. ಶಾಂಪೂನೂ ಬೇಡ, ಆ ಚಳಿಗೆ ಯಾರು ತಲೆಗೆ ನೀರು ಹಾಕಿಕೊಳ್ಳುತ್ತಾರೆ? ಚಟ್ನಿಪುಡಿ ಒಂದು ಪೊಟ್ಟಣ ಇಟ್ಟುಕೊಳ್ಳಿ ಅಕ್ಕ. ದಿನಾ ಅನ್ನ, ದಾಲ್, ಆಲೂಗಡ್ಡೆ ಅಂದರೆ ನಾಲಿಗೆ ಜಡ್ಡುಗಟ್ಟುತ್ತದೆ.

*

ಖಾಲಿ ಬ್ಯಾಗನ್ನೂ ತೂಗಿ ನೋಡಿ. ಕೆಲವು ಬ್ಯಾಗ್ ಖಾಲಿಯಿದ್ದಾಗಲೇ 2 ಕೆಜಿ ಮೇಲಿರುತ್ತವೆ. ಹಾಕಿಕೊಳ್ಳುವಾಗ ಮೊದಲು ಸೊಂಟದ ಪಟ್ಟಿ ಮೂಳೆಯ ಮೇಲೆ ಬಿಗಿಯಿರಿ, ಆಮೇಲೆ ಭುಜದ್ದು. ಭಾರ ಸೊಂಟಕ್ಕೆ ಇಳಿಯಬೇಕು.

ಮೂವರಿಗೆ ಒಂದು ಪವರ್ ಬ್ಯಾಂಕ್ ಸಾಕು. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ರಾತ್ರಿ ರಜಾಯಿಯೊಳಗೆ ಇಟ್ಟುಕೊಳ್ಳಿ. ಮೊಣಕಾಲಿಗೆ ಎರಡು ಕೋಲು ಬೇಕೇ ಬೇಕು, ಇಳಿಯುವಾಗ ಗೊತ್ತಾಗುತ್ತದೆ.

ಇಷ್ಟಾದರೂ ಭಾರ ಅನ್ನಿಸಿದರೆ ನಡಿಗೆ ಶುರುವಾಗುವ ಮಾನೆಭಂಜನ್‌ನಲ್ಲಿ ಗೈಡ್ ಗೊತ್ತುಮಾಡುವಾಗಲೇ ಪೋರ್ಟರ್ ಕೇಳಿ. ಅದರಲ್ಲಿ ನಾಚಿಕೆ ಏನಿದೆ? ಆದರೆ ಮಳೆಕೋಟು, ನೀರು, ಮಾತ್ರೆ ನಿಮ್ಮ ಬೆನ್ನ ಮೇಲೇ ಇರಲಿ. ಪೋರ್ಟರ್ ಎಷ್ಟೋ ಮುಂದೆ ಹೋಗಿಬಿಟ್ಟಿರುತ್ತಾರೆ.