ತೆರಿಗೆ, ಕರ, ಕಂದಾಯ, ಸುಂಕ: ಎಲ್ಲಿ ಯಾವುದು?

ತೋಟದಂಚು (ಶಿರಸಿ):
ಪಂಚಾಯಿತಿ ರಸೀದಿಯಲ್ಲಿ ‘ಮನೆ ತೆರಿಗೆ’, ಅದರ ಕೆಳಗೇ ‘ಗ್ರಂಥಾಲಯ ಕರ’, ಪಹಣಿಯಲ್ಲಿ ‘ಕಂದಾಯ’, ಅಡಿಕೆ ಮಾರುವಲ್ಲಿ ‘ಸೆಸ್’. ಬಾಯಲ್ಲಿ ಎಲ್ಲವೂ ಟ್ಯಾಕ್ಸೇ. ಅರ್ಜಿಯಲ್ಲಿ ಒಂದರ ಬದಲು ಇನ್ನೊಂದು ಬರೆದರೆ ನಡೆಯುತ್ತದೆಯೇ?

ಕಾಳಿದಂಡೆ (ಕಾರವಾರ):
ಮಾತಿಗೆ ನಡೆಯುತ್ತದೆ, ಅರ್ಜಿಗೆ ಬೇಡ. ಕಂದಾಯ ಜಮೀನಿನದು, ಕಂದಾಯ ಇಲಾಖೆಗೆ ಸೇರಿದ್ದು. ಗ್ರಾಮ ಆಡಳಿತಾಧಿಕಾರಿಯ ಹತ್ತಿರ ಕಟ್ಟುವುದು. ಮನೆ ತೆರಿಗೆ ಪಂಚಾಯಿತಿಯದು, ಪೇಟೆಯಾದರೆ ನಗರಸಭೆಯದು. ‘ಕಂದಾಯ ಬಾಕಿ ಇಲ್ಲವೆಂದು ಪತ್ರ ಕೊಡಿ’ ಎಂದು ಪಂಚಾಯಿತಿಗೆ ಬರೆದರೆ, ಅದು ನಮ್ಮದಲ್ಲ ಎಂದು ಅರ್ಜಿ ವಾಪಸ್ ಬಂದೀತು. ಹೀಗೆ ಬರೆಯಿರಿ: ‘ಆಸ್ತಿ ಸಂಖ್ಯೆ ಇಂತಿಷ್ಟರ ಮನೆಗೆ ಇಂಥ ಸಾಲಿನವರೆಗಿನ ತೆರಿಗೆ ಕಟ್ಟಿದೆ, ಬಾಕಿ ಇಲ್ಲವೆಂದು ದೃಢೀಕರಿಸಿ ಕೊಡಿ.’ ಜಮೀನಾದರೆ ಆಸ್ತಿ ಸಂಖ್ಯೆಯ ಜಾಗದಲ್ಲಿ ಸರ್ವೆ ನಂಬರು, ಹಿಸ್ಸಾ ನಂಬರು ಎರಡೂ ಬೇಕು. ಹಿಸ್ಸಾ ಬಿಟ್ಟರೆ ಯಾರ ಪಾಲಿನದು ಎಂದೇ ತಿಳಿಯುವುದಿಲ್ಲ.

ಇನ್ನೊಂದು ಮಾತು: ತೆರಿಗೆ ರಸೀದಿ ಮಾಲೀಕತ್ವದ ದಾಖಲೆಯಲ್ಲ. ಅದೊಂದನ್ನೇ ನಂಬಿ ಜಾಗ ಕೊಳ್ಳಬೇಡಿ.

ನುಡಿಗಂಟು (ಸಿದ್ದಾಪುರ):
ಪದದ ಬೇರು ಹೇಳುತ್ತೇನೆ. ‘ತೆರು’ ಎಂದರೆ ಕೊಡು. ದಂಡ ತೆರು, ಬೆಲೆ ತೆರು ಎನ್ನುತ್ತೇವಲ್ಲ, ಅದೇ. ಅದರಿಂದ ತೆರಿಗೆ. ‘ಶುಲ್ಕ’ದ ತದ್ಭವ ಸುಂಕ, ಸರಕು ಗಡಿ ದಾಟುವಲ್ಲಿ, ರಸ್ತೆಯಲ್ಲಿ ವಸೂಲಾಗುವುದಕ್ಕೆ ಈಗಲೂ ಅದೇ ಮಾತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಹುಟ್ಟಿದ್ದೂ ಸುಂಕದ ಕಟ್ಟೆಯ ಮುಂದೆಯೇ. ಕಂದಾಯಕ್ಕೆ ನಾಲ್ಕು ತಿಂಗಳ ಅವಧಿ ಎಂಬ ಅರ್ಥವೂ ಇದೆ. ಪಂಚಾಂಗದ ‘ಕಂದಾಯ ಫಲ’ ನೋಡಿ.

‘ಕರ’ ಒಂಟಿಯಾಗಿ ಮಾತಿನಲ್ಲಿ ಕಡಿಮೆ. ಕರ ವಸೂಲಿಗಾರ, ಉಪಕರ, ಕರನಿರಾಕರಣೆ ಎಂಬ ಜೋಡಿಪದಗಳಲ್ಲಿ ಉಳಿದಿದೆ. 1930ರ ದಶಕದ ಆರಂಭದಲ್ಲಿ ಅಂಕೋಲೆ, ಸಿದ್ದಾಪುರದ ರೈತರು ಜಮೀನು ಕಳೆದುಕೊಂಡರೂ ಕಟ್ಟದೆ ನಿಂತದ್ದು ಭೂಕಂದಾಯವನ್ನು. ಚಳವಳಿಯ ಹೆಸರು ಮಾತ್ರ ಕರನಿರಾಕರಣೆ. ಈ ಜಿಲ್ಲೆಯವರು ಮರೆಯಬಾರದ ಪದ ಅದು.

ತೆರಿಗೆ ಕೊಡುವುದಕ್ಕೆ ಕಟ್ಟು, ತುಂಬು ಎರಡೂ ಸರಿ. 1956ರವರೆಗೆ ಮುಂಬಯಿ ಪ್ರಾಂತ್ಯದಲ್ಲಿದ್ದ ಊರುಗಳಿವು; ‘ಘರಪಟ್ಟಿ (ಮನೆ ತೆರಿಗೆ) ತುಂಬುವುದು’ ಎಂಬುದು ಆ ಕಾಲದ ಬಳುವಳಿ.

ಲೆಕ್ಕಪುಸ್ತಕ (ಕುಮಟಾ):
ಸೆಸ್, ಅಂದರೆ ಉಪಕರದ ಬಗ್ಗೆ. ಉಪಕರ ಎಂದರೆ ತೆರಿಗೆಯ ಮೇಲಿನ ತೆರಿಗೆ, ಮನೆಯ ಬೆಲೆಯ ಮೇಲಿನದಲ್ಲ. ಗ್ರಂಥಾಲಯ ಕರ ರೂಪಾಯಿಗೆ 6 ಪೈಸೆ. ಮನೆ ತೆರಿಗೆ 1,000 ಇದ್ದರೆ ಅದು 60. ರಸೀದಿಯಲ್ಲಿ ಬೇರೆ ಸಾಲಾಗಿಯೇ ಕಾಣಬೇಕು.

ಅಡಿಕೆ ವಹಿವಾಟಿನ ‘ಸೆಸ್’ ಉಪಕರವೇ ಅಲ್ಲ. ಕಾಯ್ದೆಯಲ್ಲಿ ಅದರ ಹೆಸರು ಮಾರುಕಟ್ಟೆ ಶುಲ್ಕ, ಕೊಡಬೇಕಾದವರು ಖರೀದಿದಾರರು. ಬೆಳೆಗಾರರ ಪಟ್ಟಿಯಲ್ಲಿ (ಮಾರಾಟದ ಲೆಕ್ಕಚೀಟಿಯಲ್ಲಿ) ಮುರಿದುಕೊಂಡಿದ್ದರೆ ಅಲ್ಲೇ ಕೇಳಿ.

ಮುದ್ರಾಂಕ ಶುಲ್ಕ ಇದರ ತದ್ವಿರುದ್ಧ: ಹೆಸರು ಶುಲ್ಕ, ಗುಣ ತೆರಿಗೆ. ಪಕ್ಕದ ನೋಂದಣಿ ಶುಲ್ಕ ಮಾತ್ರ ಕೆಲಸಕ್ಕೆ ಕೊಡುವ ಫೀ. ಕ್ರಯಪತ್ರದ ಖರ್ಚು ಬರೆದಿಡುವಾಗ ಎರಡನ್ನೂ ಒಂದೇ ಸಾಲಿಗೆ ಸೇರಿಸಬೇಡಿ.