ವಿಂಡೋಸ್‌ಗೆ ಬಂದರೆ ಟೈಮ್ ಐದೂವರೆ ಗಂಟೆ ಹಿಂದೆ!

ಪ್ರಶ್ನೆ (ದಾವಣಗೆರೆ):
ಪಿ.ಜೆ. ಬಡಾವಣೆಯ ನಮ್ಮ ಮನೆ ಕಂಪ್ಯೂಟರ್‌ನಲ್ಲಿ ವಿಂಡೋಸ್, ಉಬುಂಟು ಎರಡೂ ಆಪರೇಟಿಂಗ್ ಸಿಸ್ಟಂ ಇವೆ. ಉಬುಂಟು ಬಳಸಿ ವಿಂಡೋಸ್‌ಗೆ ಬಂದರೆ ಟೈಮ್ ತಪ್ಪುತ್ತದೆ. ಮಗಳ ಆನ್‌ಲೈನ್ ಟೆಸ್ಟ್ ಸಂಜೆ 6ಕ್ಕೆ, ಪರದೆಯಲ್ಲಿ ಮಧ್ಯಾಹ್ನ 12:30! ಟೈಮ್ ಝೋನ್ ಮಾತ್ರ ಚೆನ್ನೈ, ಕೋಲ್ಕತ್ತಾ ಅಂತಲೇ ಇದೆ. ಏನು ಮಾಡಲಿ?

ಉತ್ತರ:
ಬ್ಯಾಟರಿ ಹೋಗಿರಬೇಕು. ಮದರ್‌ಬೋರ್ಡ್‌ನ ಗಡಿಯಾರ ನಡೆಸುವ ಸಿಆರ್2032 ಸೆಲ್ ಬದಲಾಯಿಸಿ.

ಉತ್ತರ (ಚಿತ್ರದುರ್ಗ):
ಸುಮ್ನೆ ದುಡ್ಡು ಹಾಕಬೇಡಿ ಸರ್. ಸೆಲ್ ಹೋದರೆ ದಿನಾಂಕವೂ ಹಾಳಾಗುತ್ತದೆ. ಸರಿಯಾಗಿ ಐದೂವರೆ ಗಂಟೆ ಅಂದರೆ ಯುಟಿಸಿ (ಜಾಗತಿಕ ಪ್ರಮಾಣ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ) ವಿಷಯ. ಉಬುಂಟು ಬೋರ್ಡಿನ ಗಡಿಯಾರದಲ್ಲಿ ಯುಟಿಸಿ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಳ್ಳುತ್ತದೆ. ಉಬುಂಟುವಿನಲ್ಲಿ ಟರ್ಮಿನಲ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆದು timedatectl set-local-rtc 1 ಅಂತ ಕೊಡಿ, ಆಗ ಉಬುಂಟು ಕೂಡ ಬೋರ್ಡಿನಲ್ಲಿ ನಮ್ಮ ಸಮಯವನ್ನೇ ಇಡುತ್ತದೆ. ಎಚ್ಚರಿಕೆ ತೋರಿಸುತ್ತದೆ, ಹೆದರಬೇಡಿ. ಬೇಸಿಗೆಗೆ ಗಡಿಯಾರ ಮುಂದೆ ತಿರುಗಿಸುವ ಕಡೆ ತೊಂದರೆಯಾದೀತು ಅಂತ ಅದು, ನಮ್ಮಲ್ಲಿ ಆ ಪದ್ಧತಿ ಇಲ್ಲವಲ್ಲ.

ಪ್ರಶ್ನೆ ಕೇಳಿದವರು:
ಸರಿಹೋಯ್ತು ಸರ್! ವಿಂಡೋಸ್‌ನಲ್ಲಿ ಒಮ್ಮೆ 'ಸಿಂಕ್ ನೌ' ಕೊಟ್ಟೆ, ಆಮೇಲೆ ತಪ್ಪಿಲ್ಲ. ತುಂಬಾ ಉಪಕಾರವಾಯ್ತು.